ಸಹಿಯಿಲ್ಲದ ಚೀಟಿ

ನಮ್ಮ ಹಳ್ಳಿಗಳಲ್ಲಿ ಹೊಲದ ಬದುವಿಗಾಗಿ ನಡೆಯುವಷ್ಟು ಜಗಳ ಬೇರೆ ಯಾವುದಕ್ಕೂ ನಡೆಯುವುದಿಲ್ಲ. ಒಂದು ಮೊಳ ಬದು ಒತ್ತಿದನೆಂದು ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು, ಕೋರ್ಟಿನ ಮೆಟ್ಟಿಲು ಹತ್ತಿದ್ದುಂಟು, ಹೆತ್ತ ತಾಯಿಗೆ ಮಣ್ಣು ಕೊಡುವ ಹೊತ್ತಿಗೂ ಒಬ್ಬರ ಮುಖ ಒಬ್ಬರು ನೋಡದೆ ನಿಂತದ್ದುಂಟು. ಇಷ್ಟೆಲ್ಲ ಕಾಡುವ ಆ ಬದು ರಾತ್ರಿ ನಿದ್ದೆ ಹತ್ತಿದ ಮೇಲೆ ಎಲ್ಲಿರುತ್ತದೆ? ಹೊಲದಲ್ಲಿ ಇದ್ದೇ ಇರುತ್ತದೆ, ನಿಜ. ಆದರೆ ಮಲಗಿದವನ ಎದೆಯ ಮೇಲೆ ಇರುವುದಿಲ್ಲ. ಹಗಲೆಲ್ಲ ಹೊತ್ತು ತಿರುಗಿದ ಭಾರವನ್ನು ಯಾರೂ ಇಳಿಸದೆಯೇ ಇಳಿದಿರುತ್ತದೆ. ಗೌಡನೂ ಆಳೂ, ಗೆದ್ದವನೂ ಸೋತವನೂ ಅಲ್ಲಿ ಒಂದೇ ಸಮ. ಬೆಳಗಿನ ಜಾವ ಕೋಳಿ ಕೂಗಿದಾಗ ಎಲ್ಲಕ್ಕಿಂತ ಮೊದಲು ಏಳುವುದು ‘ನಾನು’. ಅದರ ಬೆನ್ನಿಗೆ ‘ನನ್ನ ಹೊಲ’. ಅದರ ಬೆನ್ನಿಗೆ ‘ನನ್ನ ಬದು ಒತ್ತಿದ ತಮ್ಮ’. ಕಣ್ಣು ಪೂರ್ತಿ ಬಿಡುವುದರೊಳಗೆ ಸಂಸಾರವೆಲ್ಲ ಬಂದು ಎದೆಯ ಮೇಲೆ ಕುಳಿತಿರುತ್ತದೆ.

ಈ ಮೊದಲು ಏಳುವ ‘ನಾನು’ ಯಾರು? ಅದು ಏಳುವುದಕ್ಕೆ ಮುಂಚೆ ಇದ್ದದ್ದು ಏನು? ನಮ್ಮ ದೇಶದ ಅದ್ವೈತ ವಿಚಾರವೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಬೆಳೆದಿದೆ. ಹನ್ನೆರಡೇ ಮಂತ್ರಗಳ ಮಾಂಡೂಕ್ಯ ಉಪನಿಷತ್ತು ಎಚ್ಚರ, ಕನಸು, ಗಾಢ ನಿದ್ರೆ ಎಂಬ ಮೂರು ಅವಸ್ಥೆಗಳನ್ನು ಹೇಳಿ, ಆ ಮೂರನ್ನೂ ಬೆಳಗುವ ನಾಲ್ಕನೆಯದೊಂದನ್ನು ತೋರಿಸುತ್ತದೆ. ಗೌಡಪಾದರು ಅದರ ಮೇಲೆ ಕಾರಿಕೆಗಳನ್ನು ಬರೆದರು. ಶಂಕರಾಚಾರ್ಯರು ಬ್ರಹ್ಮಸೂತ್ರಕ್ಕೆ ಭಾಷ್ಯ ಬರೆಯಲು ಕುಳಿತಾಗ ಮೊಟ್ಟಮೊದಲು ವಿವರಿಸಿದ್ದು ಅಧ್ಯಾಸವನ್ನು. ಅಧ್ಯಾಸವೆಂದರೆ ಒಂದರ ಮೇಲೆ ಇನ್ನೊಂದನ್ನು ಹೇರಿ ನೋಡುವುದು. ‘ನಾನು ಕಪ್ಪಗಿದ್ದೇನೆ’, ‘ನಾನು ಮುದುಕನಾದೆ’ ಎನ್ನುತ್ತೇವೆ. ಕಪ್ಪು ಬಣ್ಣ ಚರ್ಮದ್ದು, ಮುಪ್ಪು ದೇಹದ್ದು. ಆದರೆ ಅವನ್ನು ತಿಳಿಯುವ ಅರಿವಿನ ಮೇಲೆ ಅವುಗಳನ್ನು ಹೊರಿಸಿ, ಎರಡನ್ನೂ ಸೇರಿಸಿ ‘ನಾನು’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ.

ಶಾಸ್ತ್ರ ಓದಿದವರು ಇದನ್ನು ಓದಿ ತಲೆದೂಗುತ್ತಾರೆ, ಪುಸ್ತಕ ಮುಚ್ಚುತ್ತಾರೆ, ಮತ್ತೆ ಬದುವಿನ ಜಗಳಕ್ಕೆ ಹೋಗುತ್ತಾರೆ. ಆದರೆ ಶಾಸ್ತ್ರ ಓದದೆಯೇ ಇದನ್ನು ತನ್ನ ಮೈಮೇಲೆ ಪರೀಕ್ಷೆ ಮಾಡಿ ನೋಡಿದ ಹುಡುಗನೊಬ್ಬ ನಮ್ಮ ನೆರೆಯ ತಮಿಳುನಾಡಿನಲ್ಲಿದ್ದ. ಅವನ ಹೆಸರು ವೆಂಕಟರಾಮನ್. ಮುಂದೆ ಲೋಕ ಅವರನ್ನು ರಮಣ ಮಹರ್ಷಿಗಳೆಂದು ಕರೆಯಿತು. ಈ ದಿನ ಅವರ ವಿಷಯವಾಗಿ ಚಿಂತಿಸೋಣ.

ವೆಂಕಟರಾಮನ್ ಹುಟ್ಟಿದ್ದು 1879ರ ಡಿಸೆಂಬರ್ 30ರಂದು, ತಿರುಚ್ಚುಳಿ ಎಂಬ ಊರಿನಲ್ಲಿ. ತಂದೆ ಸುಂದರಂ ಅಯ್ಯರ್ 1892ರಲ್ಲಿ ತೀರಿಕೊಂಡರು. ಹುಡುಗನಿಗೆ ಆಗ ಹನ್ನೆರಡು ವರ್ಷ. ಮುಂದೆ ಮಧುರೆಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಶಾಲೆ ಕಲಿಯುತ್ತಿದ್ದ. ಓದಿನಲ್ಲಿ ಅಂಥ ಆಸಕ್ತಿಯಿಲ್ಲ, ಆಟದಲ್ಲಿ ಮುಂದು, ನಿದ್ದೆಯಂತೂ ಬಲು ಗಾಢ. ಆ ಕಾಲದಲ್ಲಿ ಅವನ ಕೈಗೆ ಸಿಕ್ಕಿದ ಒಂದು ಗ್ರಂಥವೆಂದರೆ ಪೆರಿಯಪುರಾಣ. ಅದು ಅರವತ್ತಮೂವರು ಶಿವಭಕ್ತರ ಚರಿತ್ರೆ. ನಮ್ಮ ಹಿರಿಯರು ‘ಅರವತ್ತಮೂವರು ಪುರಾತನರು’ ಎಂದು ನೆನೆಯುವುದು, ಹರಿಹರ ಕವಿ ರಗಳೆಗಳಲ್ಲಿ ಹಾಡಿದ್ದು ಇದೇ ಶರಣರನ್ನು. ಈ ಕಥೆಗಳನ್ನು ಓದಿ ಆ ಹುಡುಗ ಕರಗಿಹೋದ.

1896ರ ಜುಲೈ ತಿಂಗಳ ಮಧ್ಯದಲ್ಲಿ ಒಂದು ದಿನ ಅವನು ಮಹಡಿಯ ಕೋಣೆಯಲ್ಲಿ ಒಬ್ಬನೇ ಕುಳಿತಿದ್ದ. ಜ್ವರವಿಲ್ಲ, ನೋವಿಲ್ಲ. ಇದ್ದಕ್ಕಿದ್ದಂತೆ ‘ನಾನು ಈಗ ಸಾಯುತ್ತೇನೆ’ ಎಂಬ ಭಯ ಹಿಡಿಯಿತು. ಹದಿನಾರರ ವಯಸ್ಸಿನ ಬೇರೆ ಹುಡುಗನಾಗಿದ್ದರೆ ಕೂಗಿಕೊಂಡು ಕೆಳಗೆ ಓಡಿಬರುತ್ತಿದ್ದ. ಇವನು ಓಡಲಿಲ್ಲ. ಸಾವು ಬರುವುದಾದರೆ ಬರಲಿ, ಸಾಯುವುದು ಯಾವುದು ಎಂದು ನೋಡಿಯೇಬಿಡೋಣವೆಂದು ಅಲ್ಲಿಯೇ ಅಂಗಾತ ಮಲಗಿದ. ಹೆಣದ ಹಾಗೆ ಕೈಕಾಲು ಸೆಟೆದುಕೊಂಡ. ಉಸಿರು ಬಿಗಿಹಿಡಿದ. ತುಟಿ ಬಿಗಿದ, ‘ನಾನು’ ಎಂಬ ಮಾತೂ ಹೊರಗೆ ಬಾರದ ಹಾಗೆ. ಇಗೋ, ಈ ದೇಹ ಸತ್ತಿತು. ಇದನ್ನು ಚಟ್ಟದ ಮೇಲೆ ಹೊತ್ತು ಸುಡುತ್ತಾರೆ, ಬೂದಿಯಾಗುತ್ತದೆ. ಸರಿ, ಆದರೆ ಇದು ಸತ್ತದ್ದನ್ನು ನೋಡುತ್ತಿರುವುದು ಯಾವುದು? ಅದು ಸತ್ತಿಲ್ಲವಲ್ಲ! ದೇಹ ಮರದ ಕೊರಡಿನ ಹಾಗೆ ಬಿದ್ದಿದ್ದರೂ ‘ಇದ್ದೇನೆ’ ಎಂಬ ಅರಿವು ಎಳ್ಳಷ್ಟೂ ಕುಗ್ಗದೆ ಒಳಗೆ ಬೆಳಗುತ್ತಿದೆ. ಹಾಗಾದರೆ ತಾನು ದೇಹವಲ್ಲ. ಇದು ಹುಡುಗನಿಗೆ ಯೋಚನೆಯಾಗಿ ಹೊಳೆಯಲಿಲ್ಲ. ಬೆಂಕಿ ಮುಟ್ಟಿದವನಿಗೆ ಬಿಸಿ ತಿಳಿಯುವ ಹಾಗೆ ನೇರವಾಗಿ ತಿಳಿಯಿತು. ಇಷ್ಟಕ್ಕೆ ಹಿಡಿದ ಹೊತ್ತು ಅರ್ಧ ಗಂಟೆಯೂ ಇಲ್ಲ. ಸಾವಿನ ಭಯ ಅಂದು ಹೋದದ್ದು ಮತ್ತೆ ಅವರ ಕಡೆಗೆ ತಿರುಗಿ ನೋಡಲಿಲ್ಲ.

ಆರು ವಾರ ಕಳೆಯಿತು. ಆಟ ಬೇಡವಾಯಿತು, ಪಾಠ ಬೇಡವಾಯಿತು. ಆಗಸ್ಟ್ 29ರಂದು ಮಾಸ್ತರರು ಶಿಕ್ಷೆಯಾಗಿ ಕೊಟ್ಟಿದ್ದ ವ್ಯಾಕರಣದ ಪಾಠವನ್ನು ಮೂರನೆಯ ಸಲ ನಕಲು ಮಾಡುತ್ತಿದ್ದವನು ಪುಸ್ತಕ ಮುಚ್ಚಿಟ್ಟು ಕಣ್ಣು ಮುಚ್ಚಿ ಕುಳಿತ. ಇಂಥವನಿಗೆ ಇದೆಲ್ಲ ಏತಕ್ಕೆ ಎಂದು ಅಣ್ಣ ಚುಚ್ಚಿದ. ಮಾತು ನಾಟಿತು. ಹೌದಲ್ಲ, ನನಗೆ ಇದೆಲ್ಲ ಏತಕ್ಕೆ ಎಂದು ಎದ್ದ. ಅಣ್ಣನ ಕಾಲೇಜಿನ ಫೀ ಕಟ್ಟಲು ಇಟ್ಟಿದ್ದ 5 ರೂಪಾಯಿಯಲ್ಲಿ ದಾರಿಯ ಖರ್ಚಿಗೆಂದು 3 ರೂಪಾಯಿ ತೆಗೆದುಕೊಂಡು, ಉಳಿದ 2 ರೂಪಾಯಿಯ ಜೊತೆಗೆ ಒಂದು ಚೀಟಿ ಬರೆದಿಟ್ಟು ಮನೆ ಬಿಟ್ಟ.

ಸದ್ಭಕ್ತರು ಈ ಚೀಟಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ನಾಲ್ಕಾರು ಸಾಲಿನ ಚೀಟಿ ಅದು. ತಂದೆಯನ್ನು ಅರಸಿ, ಅವನ ಅಪ್ಪಣೆಯಂತೆ ಹೊರಟಿರುವುದಾಗಿ ಮೊದಲ ಸಾಲು. ಆ ಸಾಲಿನಲ್ಲಿ ‘ನಾನು’ ಇದೆ. ಮುಂದಿನ ಸಾಲಿಗೆ ಬರುವಷ್ಟರಲ್ಲಿ ‘ನಾನು’ ಮಾಯವಾಗಿ ‘ಇದು’ ಎಂಬ ಮಾತು ಬಂದಿದೆ. ‘ಇದು’ ಒಳ್ಳೆಯ ಕಾರ್ಯಕ್ಕೇ ಹೊರಟಿದೆ, ಯಾರೂ ದುಃಖಪಡಬೇಕಿಲ್ಲ, ‘ಇದನ್ನು’ ಹುಡುಕಲು ಹಣ ಖರ್ಚು ಮಾಡಬೇಕಿಲ್ಲ ಎಂಬ ಅರ್ಥದ ಮಾತುಗಳು. ಅಣ್ಣನ ಫೀ ಇನ್ನೂ ಕಟ್ಟಿಲ್ಲ, 2 ರೂಪಾಯಿ ಇಲ್ಲಿದೆ ಎಂಬ ಲೆಕ್ಕವೂ ಉಂಟು. ಕೊನೆಯಲ್ಲಿ ಹೆಸರು ಬರಬೇಕಾದ ಜಾಗದಲ್ಲಿ ಹೆಸರಿಲ್ಲ, ಬರಿಯ ಗೀಟು. ಸಹಿ ಮಾಡುವವನು ಚೀಟಿ ಮುಗಿಯುವುದರೊಳಗೆ ಇಲ್ಲವಾಗಿದ್ದ.

ಮಕ್ಕಳು ಮನೆ ಬಿಟ್ಟು ಹೋಗುವುದು ಹೊಸದೇನೂ ಅಲ್ಲ. ಸಿಟ್ಟಿನಿಂದ ಹೋದವನ ಚೀಟಿಯಲ್ಲಿ ಸಾಲುಸಾಲಿಗೂ ‘ನಾನು’ ಇರುತ್ತದೆ, ‘ನನ್ನನ್ನು’ ಇರುತ್ತದೆ. ನಾವು ಈ ಚೀಟಿಯನ್ನು ದೊಡ್ಡ ವೇದಾಂತ ಗ್ರಂಥಕ್ಕೆ ಸಮವೆಂದು ಎಣಿಸುತ್ತೇವೆ. ಅಹಂಕಾರ ಎಲ್ಲಿಯವರೆಗೆ ಇತ್ತು, ಎಲ್ಲಿ ಕಳಚಿತು ಎಂಬುದು ಅಲ್ಲಿ ಸಾಲುಗಳ ನಡುವೆ ಕಾಣುತ್ತದೆ. ಮತ್ತೊಂದು ಸಂಗತಿಯನ್ನೂ ಗಮನಿಸಬೇಕು. ‘ನಾನು’ ಹೋದರೂ ಲೆಕ್ಕ ತಪ್ಪಿಲ್ಲ. 3 ರೂಪಾಯಿ ತೆಗೆದದ್ದು, 2 ರೂಪಾಯಿ ಉಳಿದದ್ದು, ಫೀ ಕಟ್ಟದೆ ಇದ್ದದ್ದು ಎಲ್ಲ ಸರಿಯಾಗಿದೆ. ಅಹಂಕಾರ ಅಳಿದರೆ ಮನುಷ್ಯ ಹುಚ್ಚನಂತಾಗುತ್ತಾನೆ, ಕೆಲಸಕ್ಕೆ ಬಾರದವನಾಗುತ್ತಾನೆ ಎಂದು ಹೆದರುವವರಿಗೆ ಆ 2 ರೂಪಾಯಿಯೇ ಉತ್ತರ ಹೇಳುತ್ತದೆ.

ರೈಲಿನಲ್ಲಿ ಸ್ವಲ್ಪ ದೂರ, ಕಾಲ್ನಡಿಗೆಯಲ್ಲಿ ಸ್ವಲ್ಪ ದೂರ ಹೋಗಿ, ಹಣ ಸಾಲದೆ ಕಿವಿಯ ಒಂಟಿಗಳನ್ನು ಒತ್ತೆಯಿಟ್ಟು, 1896ರ ಸೆಪ್ಟೆಂಬರ್ 1ರಂದು ತಿರುವಣ್ಣಾಮಲೆ ಸೇರಿದರು. ಪಂಚಭೂತ ಲಿಂಗಗಳಲ್ಲಿ ಅಗ್ನಿಲಿಂಗದ ಕ್ಷೇತ್ರವದು. ತಂದೆಯ ಸನ್ನಿಧಿಗೆ ಹೋಗಿ ಬಂದೆನೆಂದು ಒಪ್ಪಿಸಿದರು. ಉಳಿದ ಹಣ ಎಸೆದರು, ಜನಿವಾರ ತೆಗೆದರು, ಉಟ್ಟ ಪಂಚೆ ಹರಿದು ಕೌಪೀನ ಮಾಡಿಕೊಂಡರು. ದೇವಾಲಯದ ಪಾತಾಳಲಿಂಗದ ನೆಲಮಾಳಿಗೆಯಲ್ಲಿ ಹುಳಹುಪ್ಪಟೆ ತೊಡೆಯನ್ನು ಕಚ್ಚಿ ರಕ್ತ ಸುರಿದರೂ ತಿಳಿಯದೆ ಕುಳಿತಿದ್ದರು. ಅಲ್ಲಿಂದ ಮುಂದೆ 54 ವರ್ಷ ಅವರು ಆ ಬೆಟ್ಟದ ನೆರಳನ್ನು ಬಿಟ್ಟು ಹೋಗಲಿಲ್ಲ.

ಇಲ್ಲಿ ಕನ್ನಡ ನಾಡಿನ ಭಕ್ತರು ತಿಳಿಯಬೇಕಾದ ಒಂದು ಸಂಗತಿಯಿದೆ. 1899ರಿಂದ 1916ರವರೆಗೆ ರಮಣರು ಅರುಣಾಚಲದ ಮೈಯಲ್ಲಿರುವ ವಿರೂಪಾಕ್ಷ ಗುಹೆಯಲ್ಲಿ ವಾಸವಾಗಿದ್ದರು. ಆ ಗುಹೆಗೆ ಹೆಸರು ಬಂದದ್ದು ಅಲ್ಲಿ ಐಕ್ಯರಾದ ವಿರೂಪಾಕ್ಷದೇವರಿಂದ. ಅದೇ ಬೆಟ್ಟದಲ್ಲಿ ಸ್ವಲ್ಪ ಕೆಳಗೆ ಗುಹೈ ನಮಶಿವಾಯರ ಗುಹೆಯಿದೆ. ಈ ನಮಶಿವಾಯರು ಕನ್ನಡ ನಾಡಿನಿಂದ ಹೋದ ವೀರಶೈವರೆಂದೂ, ವಿರೂಪಾಕ್ಷದೇವರು ಅವರ ಗುರುಬಂಧುಗಳೆಂದೂ ಅಲ್ಲಿಯ ಪರಂಪರೆ ಹೇಳುತ್ತದೆ. ವಿರೂಪಾಕ್ಷದೇವರ ಕಾಯವೇ ವಿಭೂತಿಯಾಯಿತೆಂದು ಐತಿಹ್ಯ. ಆ ವಿಭೂತಿಯ ಗದ್ದುಗೆ ಗುಹೆಯ ಒಳಗಿದೆ. ನಮ್ಮ ಶಿವಯೋಗಿಯೊಬ್ಬರ ಗದ್ದುಗೆಯ ಮಗ್ಗುಲಲ್ಲಿ ಕುಳಿತು ರಮಣರು ತಮ್ಮ ಯೌವನದ ಹದಿನೇಳು ವರ್ಷಗಳನ್ನು ಕಳೆದರೆಂಬುದು ನಮಗಂತೂ ಮೈ ನವಿರೇಳಿಸುವ ವಿಷಯ.

ಆ ಗುಹೆಯ ದಿನಗಳಲ್ಲಿ, 1901-02ರ ಹೊತ್ತಿಗೆ, ಕಂದಾಯ ಇಲಾಖೆಯ ನೌಕರರಾಗಿದ್ದ ಶಿವಪ್ರಕಾಶಂ ಪಿಳ್ಳೈ ಎಂಬವರು ಬಂದರು. ರಮಣರು ಆಗ ಮಾತನಾಡುತ್ತಿರಲಿಲ್ಲ. ಇವರು ಕೇಳಿದ್ದಕ್ಕೆ ಅವರು ಬರೆದು ಉತ್ತರಿಸಿದರು. ಕೇಳಿದ ಮೊದಲ ಪ್ರಶ್ನೆಯೇ ‘ನಾನು ಯಾರು?’ ಆ ಉತ್ತರಗಳೇ ಮುಂದೆ ಚಿಕ್ಕ ಪುಸ್ತಕವಾದವು. ತಮಿಳಿನಲ್ಲಿ ಅದರ ಹೆಸರು ‘ನಾನ್ ಯಾರ್’. ಕನ್ನಡಿಗರಿಗೆ ಈ ಹೆಸರನ್ನು ಅನುವಾದ ಮಾಡಿ ಹೇಳುವ ಅಗತ್ಯವೇ ಇಲ್ಲ.

ಅವರು ಕೊಟ್ಟ ಉತ್ತರದ ಸಾರವಿಷ್ಟು. ಸಪ್ತಧಾತುಗಳ ಈ ದೇಹ ನಾನಲ್ಲ, ಇಂದ್ರಿಯಗಳು ನಾನಲ್ಲ, ಪ್ರಾಣ ನಾನಲ್ಲ, ಯೋಚಿಸುವ ಮನಸ್ಸೂ ನಾನಲ್ಲ. ಇವೆಲ್ಲವನ್ನೂ ತಳ್ಳಿದ ಮೇಲೆ ಯಾವ ಅರಿವು ಉಳಿಯುತ್ತದೆಯೋ ಅದೇ ನಾನು. ಹಾಗಾದರೆ ದಿನವೆಲ್ಲ ‘ನಾನು ನಾನು’ ಎಂದು ಮೆರೆಯುವುದು ಯಾವುದು? ವೇದಾಂತಿಗಳು ಅದಕ್ಕೆ ಚಿತ್-ಜಡ ಗ್ರಂಥಿ ಎನ್ನುತ್ತಾರೆ. ಚಿತ್ ಎಂದರೆ ಅರಿವು, ಜಡವೆಂದರೆ ಈ ದೇಹ. ಎರಡರ ನಡುವೆ ಬಿದ್ದ ಗಂಟೇ ಅಹಂಕಾರ.

ದನದ ಜಾತ್ರೆಗೆ ಹೋದವರಿಗೆ ಇದು ಬೇಗ ತಿಳಿಯುತ್ತದೆ. ಎತ್ತು ಮಾರುವವನೊಬ್ಬ, ಕೊಳ್ಳುವವನೊಬ್ಬ. ನಡುವೆ ಬರುವವನು ದಲ್ಲಾಳಿ. ಟವೆಲ್ ಮುಚ್ಚಿ ಅದರೊಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಇವನ ಕಡೆ ತಿರುಗಿದಾಗ ಇವನ ಬಂಧು, ಅವನ ಕಡೆ ತಿರುಗಿದಾಗ ಅವನ ಬಂಧು. ಎತ್ತೂ ಅವನದಲ್ಲ, ದುಡ್ಡೂ ಅವನದಲ್ಲ. ಆದರೆ ಸಂಜೆಗೆ ‘ಇವತ್ತು ಎಂಟು ಜೋಡಿ ನಾನು ಮಾರಿದೆ’ ಎಂದು ಮೀಸೆ ತಿರುವುತ್ತಾನೆ. ಅಹಂಕಾರದ ಕಸುಬೂ ಇದೇ. ಅರಿವಿನ ಕಡೆಯಿಂದ ಬೆಳಕನ್ನು ತಂದುಕೊಂಡು ‘ನಾನು ತಿಳಿದವನು’ ಎನ್ನುತ್ತದೆ. ದೇಹದ ಕಡೆಯಿಂದ ಆಕಾರ ತಂದುಕೊಂಡು ‘ನಾನು ಇಂಥವರ ಮಗ, ಇಂಥ ಊರಿನ ಯಜಮಾನ’ ಎನ್ನುತ್ತದೆ. ಅದಕ್ಕೆ ತನ್ನದೆಂಬ ಬೆಳಕೂ ಇಲ್ಲ, ಆಕಾರವೂ ಇಲ್ಲ. ಮಾರುವವನೂ ಕೊಳ್ಳುವವನೂ ಟವೆಲ್ ಸರಿಸಿ ಎದುರುಬದುರು ಮಾತಿಗೆ ಕುಳಿತರೆ ದಲ್ಲಾಳಿ ತಾನಾಗಿಯೇ ಬೇರೆ ಗುಂಪು ಹುಡುಕಿಕೊಂಡು ಹೋಗುತ್ತಾನೆ. ಅವನನ್ನು ಹೊಡೆದು ಓಡಿಸಬೇಕಿಲ್ಲ. ಅಹಂಕಾರವನ್ನು ಕೊಲ್ಲಬೇಕೆಂದು ಹೊರಡುವವರು ಇದನ್ನು ಮರೆಯುತ್ತಾರೆ. ಕೊಲ್ಲಲು ಹೊರಟವನೂ ಅಹಂಕಾರವೇ ಆಗಿರುತ್ತಾನೆ. ಎರಡು ದಿನ ಉಪವಾಸ ಮಾಡಿ ‘ನನ್ನಷ್ಟು ವೈರಾಗ್ಯ ಯಾರಿಗಿದೆ’ ಎನ್ನುತ್ತಾನೆ. ಕಾವಿ ಉಟ್ಟ ನಮ್ಮಂಥವರಿಗೂ ಈ ಮಾತು ಸಲ್ಲುತ್ತದೆ. ಪಾದಕ್ಕೆ ಬೀಳುವವರು ಹೆಚ್ಚಿದಂತೆಲ್ಲ ಪಲ್ಲಕ್ಕಿಯೊಳಗೆ ದಲ್ಲಾಳಿಗೂ ಜಾಗ ದೊರೆಯುತ್ತದೆ.

ಕಳೆದ ಶ್ರಾವಣದಲ್ಲಿ ಪ್ರವಚನ ಮುಗಿದ ಮೇಲೆ ಎಂಬತ್ತರ ಆಸುಪಾಸಿನ ಹಿರಿಯರೊಬ್ಬರು ಮನೆಗೆ ಹೋಗದೆ ಕಂಬಕ್ಕೆ ಒರಗಿ ಕುಳಿತಿದ್ದರು. ಮನೆಯವರು ತೀರಿಕೊಂಡು ಆರು ತಿಂಗಳಾಗಿತ್ತು. ಮುಂದಿನ ಪಾಳಿ ತಮ್ಮದೆಂಬ ಲೆಕ್ಕ ಅವರ ಮನಸ್ಸಿನಲ್ಲಿ ನಡೆಯುತ್ತಿತ್ತೆಂದು ಕಾಣುತ್ತದೆ. ಎಲ್ಲರೂ ಹೋದ ಮೇಲೆ ಹತ್ತಿರ ಬಂದರು.

“ಅಜ್ಜಾರ, ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ‘ನಾನು’ ಹೋಗಬೇಕು, ‘ನಾನು’ ಹೋಗಬೇಕು ಅಂತೀರಿ. ನಾನೇ ಇಲ್ಲಂದ ಮ್ಯಾಲ ಮೋಕ್ಷ ಯಾರಿಗ್ರೀ?”

ಇಂಥ ಪ್ರಶ್ನೆ ಕೇಳಲು ಪಂಡಿತರೂ ಹಿಂಜರಿಯುತ್ತಾರೆ. ನಾವು ಕೇಳಿದೆವು: “ಗೌಡ್ರ, ನಿನ್ನಿ ರಾತ್ರಿ ನಿದ್ದಿ ಹತ್ತಿತ್ತೇನ್ರಿ?”

“ಹತ್ತಿತ್ರಿ. ಛಲೋ ನಿದ್ದಿ ಆತು. ಏನೂ ಗೊತ್ತಾಗಲಿಲ್ಲ.”

“ಏನೂ ಗೊತ್ತಾಗಲಿಲ್ಲ ಅನ್ನೋದು ಯಾರಿಗೆ ಗೊತ್ತಾತ್ರಿ?”

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು. “ಆ ನಿದ್ದಿಯೊಳಗ ನೀವು ಗೌಡ್ರು ಅನ್ನೋದಿತ್ತೇನು? ಹೊಲ ಮನಿ ಇತ್ತೇನು?” ಎಂದೆವು. “ಏನೂ ಇರಲಿಲ್ರಿ.” “ಮತ್ತ ನಿದ್ದಿಗೆ ಹೋಗಾಕ ಹೆದರಿಕಿ ಆಗಲಿಲ್ಲೇನು?” “ನಿದ್ದಿಗೆ ಯಾಕ ಹೆದರೋದ್ರಿ ಅಜ್ಜಾರ, ಬರಲಿಲ್ಲಂದ್ರ ಹೆದರಿಕಿ!”

ಇಷ್ಟರಲ್ಲಿ ಅವರೇ ಉತ್ತರ ಹೇಳಿದ್ದರು. ದಿನವೂ ರಾತ್ರಿ ‘ನಾನು ಇಂಥವನು’ ಎಂಬುದು ಅಳಿಯುತ್ತದೆ. ಅದು ಅಳಿದಾಗ ನಾವು ಇಲ್ಲವಾಗುವುದಿಲ್ಲ, ಸುಖವಾಗಿ ಇರುತ್ತೇವೆ. ‘ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ’ ಎಂದು ಬೆಳಗ್ಗೆ ಸಾಕ್ಷಿ ನುಡಿಯುತ್ತೇವೆ. ಅಲ್ಲಿ ಇಲ್ಲದವನು ಸಾಕ್ಷಿ ಹೇಳಲಾರ. ಊರಲ್ಲಿ ಇಲ್ಲದವನ ಸಾಕ್ಷಿಯನ್ನು ಪಂಚರೂ ಒಪ್ಪುವುದಿಲ್ಲ. ಆದ್ದರಿಂದ ‘ನಾನು’ ಹೋದಾಗಲೂ ಉಳಿಯುವ ಇರವು ಒಂದಿದೆ. ಮೋಕ್ಷ ಆ ಇರವಿಗೆ ಹೊಸದಾಗಿ ದೊರೆಯಬೇಕಾದ ವಸ್ತುವೂ ಅಲ್ಲ. ಅದು ಎಂದೂ ಕಟ್ಟಿಗೆ ಬಿದ್ದಿರಲಿಲ್ಲ. ಕಟ್ಟಿಗೆ ಬಿದ್ದೆನೆಂದು ಗೋಳಾಡಿದವನು ನಡುವಿನ ದಲ್ಲಾಳಿ.

ಹಾಗಾದರೆ ನಿದ್ರೆಯೇ ಮೋಕ್ಷವೆಂದು ದಿನವೆಲ್ಲ ಮಲಗಿದರಾಯಿತೇ ಎಂದು ಕೇಳುವ ಜಾಣರೂ ಇದ್ದಾರೆ. ಹಾಗಲ್ಲ. ನಿದ್ದೆಯಲ್ಲಿ ‘ನಾನು’ ಸತ್ತಿರುವುದಿಲ್ಲ, ಹಗೇವಿನಲ್ಲಿ ಹಾಕಿದ ಜೋಳದ ಹಾಗೆ ಕತ್ತಲೆಯಲ್ಲಿ ಅಡಗಿರುತ್ತದೆ. ಹೊರಗೆ ತೆಗೆದು ಬಿತ್ತಿ ಮಳೆ ಬಿದ್ದರೆ ಮತ್ತೆ ಮೊಳಕೆ, ಮತ್ತೆ ಹಳೆಯ ಬೆಳೆ. ಜ್ಞಾನಿಯ ‘ನಾನು’ ನಾಗರಪಂಚಮಿಯ ಅರಳಿನಂಥದು. ಜೋಳವೆಂದೇ ಹೆಸರು, ಆದರೆ ಬೆಂಕಿ ಕಂಡು ಬಿರಿದದ್ದು. ಅದನ್ನು ಎಷ್ಟು ಸಲ ಬಿತ್ತಿದರೂ ಮೊಳೆಯದು. ಹಾಗೆಂದು ವ್ಯರ್ಥವೂ ಅಲ್ಲ, ಮನೆಮಂದಿಯ ಬಾಯಿಗೆ ರುಚಿಯಾಗಿ ಒದಗುತ್ತದೆ. ಲೋಕದ ವ್ಯವಹಾರಕ್ಕಾಗಿ ಜ್ಞಾನಿಯೂ ‘ನಾನು’ ಎನ್ನುತ್ತಾನೆ. ಆದರೆ ಆ ಮಾತಿನಿಂದ ಬೇರು ಬಿಡುವುದಿಲ್ಲ. ಜೀವನ್ಮುಕ್ತಿ ಎಂದರೆ ಇಷ್ಟೇ. ಸತ್ತ ಮೇಲೆ ಎಲ್ಲಿಗೋ ಹೋಗಿ ಸೇರುವುದಲ್ಲ.

ಇನ್ನು ದಾರಿ ಯಾವುದು? ಮಾರ್ಗವನ್ನು ರಮಣರು ಹಗುರವಾಗಿ ಹೇಳಿದರು, ನಡೆಯುವುದು ಹಗುರವಲ್ಲ. ಯಾವ ಯೋಚನೆ ಬಂದರೂ ಅದರ ಬೆನ್ನು ಹತ್ತಿ ಹೋಗದೆ, ಈ ಯೋಚನೆ ಯಾರಿಗೆ ಬಂತು ಎಂದು ಹೊರಳಿ ನೋಡಬೇಕು. ನನಗೆ ಬಂತು. ಆ ನಾನು ಯಾರು, ಎಲ್ಲಿಂದ ಎದ್ದೆ? ಕಳ್ಳನನ್ನು ಹಿಡಿಯಲು ದೀಪ ಹಿಡಿದು ಹೋದ ಹಾಗೆ. ದೀಪ ಕಂಡೊಡನೆ ಅವನು ಅಲ್ಲಿರುವುದಿಲ್ಲ. ‘ನಾನು ಯಾರು, ನಾನು ಯಾರು’ ಎಂದು ಮಣಿ ಎಣಿಸುತ್ತ ಜಪ ಮಾಡುವುದು ಇದರ ಅರ್ಥವಲ್ಲವೆಂದು ಅವರು ಮತ್ತೆ ಮತ್ತೆ ಎಚ್ಚರಿಸುತ್ತಿದ್ದರು. ಬಾಯಿಮಾತಿನ ಪ್ರಶ್ನೆಗೆ ಬಾಯಿಮಾತಿನ ಉತ್ತರ ದೊರೆತು ಅಲ್ಲಿಗೇ ನಿಲ್ಲುತ್ತದೆ.

ನಮ್ಮ ಭಕ್ತರು ಪಂಚಾಕ್ಷರಿ ಜಪ ಮಾಡುವವರು. ಅದನ್ನು ಬಿಟ್ಟು ಈ ವಿಚಾರಕ್ಕೆ ಬರಬೇಕೇ ಎಂಬ ಅನುಮಾನ ಸಹಜ. ಅದಕ್ಕೂ ರಮಣರ ಬಳಿ ಉತ್ತರವಿತ್ತು. ಕಾವ್ಯಕಂಠ ಗಣಪತಿ ಮುನಿಗಳೆಂಬ ಮಹಾವಿದ್ವಾಂಸರು ಆಂಧ್ರದಿಂದ ಬಂದವರು. ಮುಂದೆ ಕೆಲಕಾಲ ನಮ್ಮ ಗೋಕರ್ಣ, ಶಿರಸಿಯ ಕಡೆಗೂ ವಾಸವಾಗಿದ್ದರು. ಶಿವಪಂಚಾಕ್ಷರಿ ಮೊದಲಾದ ಮಂತ್ರಗಳನ್ನು ವರ್ಷಗಟ್ಟಲೆ ಜಪಿಸಿದ್ದರೂ ಅವರಿಗೆ ನೆಮ್ಮದಿ ದೊರೆತಿರಲಿಲ್ಲ. 1907ರ ನವೆಂಬರ್ 18ರಂದು ಕಾರ್ತೀಕ ಉತ್ಸವದ ಸಮಯದಲ್ಲಿ, ನಡು ಮಧ್ಯಾಹ್ನದ ಬಿಸಿಲಿನಲ್ಲಿ ಬೆಟ್ಟವೇರಿ ಬಂದು ವಿರೂಪಾಕ್ಷ ಗುಹೆಯ ಮುಂದೆ ಕುಳಿತಿದ್ದ ಆ ತರುಣನ ಪಾದ ಹಿಡಿದು, ತಪಸ್ಸೆಂದರೆ ಏನು ಎಂದು ಕೇಳಿದರು. ರಮಣರು ಕಾಲು ಗಂಟೆ ಸುಮ್ಮನೆ ನೋಡಿದರು. ಆಮೇಲೆ, ‘ನಾನು’ ಎಂಬುದು ಎಲ್ಲಿಂದ ಏಳುತ್ತದೆಂದು ಗಮನಿಸಿದರೆ ಮನಸ್ಸು ಅಲ್ಲಿ ಲೀನವಾಗುತ್ತದೆ, ಮಂತ್ರ ಜಪಿಸುವಾಗ ಅದರ ನಾದ ಎಲ್ಲಿಂದ ಏಳುತ್ತದೆಂದು ಗಮನಿಸಿದರೂ ಮನಸ್ಸು ಅಲ್ಲಿಯೇ ಲೀನವಾಗುತ್ತದೆ, ಅದೇ ತಪಸ್ಸು ಎಂದರು. ಭಗವಾನ್ ಶ್ರೀ ರಮಣ ಮಹರ್ಷಿ ಎಂಬ ಹೆಸರನ್ನು ಇಟ್ಟವರು ಈ ಗಣಪತಿ ಮುನಿಗಳೇ. ಜಪವನ್ನು ಬಿಡಬೇಕಿಲ್ಲ. ‘ಓಂ ನಮಃ ಶಿವಾಯ’ ಎನ್ನುವಾಗ ಆ ನಾದದ ಬೇರಿನ ಕಡೆಗೆ ಕಿವಿಗೊಡಬೇಕು. ವಿಚಾರ ಒಗ್ಗದವರಿಗೆ ಶರಣಾಗತಿಯನ್ನೂ ಅವರು ಅಷ್ಟೇ ಗೌರವದಿಂದ ಹೇಳಿದರು. ‘ನಾನು’ ಎಂಬುದನ್ನು ಹುಡುಕಿ ನೋಡುವುದು ಒಂದು ಬಗೆ, ಅದನ್ನು ಶಿವನ ಪಾದಕ್ಕೆ ಒಪ್ಪಿಸಿಬಿಡುವುದು ಇನ್ನೊಂದು ಬಗೆ.

ಶಂಕರರ ಅದ್ವೈತಕ್ಕೂ ನಮ್ಮ ಶಕ್ತಿವಿಶಿಷ್ಟಾದ್ವೈತಕ್ಕೂ ಭೇದವಿಲ್ಲವೇ ಎಂದು ಕೆಲವರು ಕೇಳಿಯಾರು. ಖಂಡಿತ ಇದೆ. ಜಗತ್ತನ್ನು ಶಿವನ ಶಕ್ತಿಯ ವಿಲಾಸವೆಂದು, ಸತ್ಯವೆಂದು ಕಾಣುವುದು ನಮ್ಮ ದರ್ಶನ. ಅಂಗ ಲಿಂಗವಾಗುವ ಆರು ಸ್ಥಲಗಳ ಮೆಟ್ಟಿಲು ನಮ್ಮದು. ಎರಡನ್ನೂ ಒಂದೇ ಎಂದು ಕಲಸುವುದು ಎರಡಕ್ಕೂ ಅನ್ಯಾಯ. ಆದರೆ ದಾಸೋಹ ಮಾಡುವವನಲ್ಲಿ ‘ನೀಡಿದವನು ನಾನು’ ಎಂಬುದು ಉಳಿದರೆ ನೀಡಿದ್ದು ಶಿವನಿಗೆ ಮುಟ್ಟುವುದಿಲ್ಲವೆಂದು ಶರಣರು ಕಟುವಾಗಿ ನುಡಿದದ್ದನ್ನು ನಾವೆಲ್ಲ ಬಲ್ಲೆವು. ಕೀಳಬೇಕಾದ ಕಳೆ ಎರಡು ಹೊಲಗಳಲ್ಲೂ ಒಂದೇ.

ಮಾತು ಬಿಟ್ಟು ನಡೆಯನ್ನು ನೋಡೋಣ. 1922ರ ಮೇ 19ರಂದು ರಮಣರ ತಾಯಿ ಅಳಗಮ್ಮಾಳ್ ಕೊನೆಯುಸಿರೆಳೆದರು. ಮನೆ ಬಿಟ್ಟ ಮಗನನ್ನು ಕರೆದೊಯ್ಯಲು ಬಂದು, ಅತ್ತು ಕರೆದು, ಕಡೆಗೆ 1916ರಲ್ಲಿ ಮಗನ ಬಳಿಯೇ ನೆಲೆಸಿದ ತಾಯಿ ಅವರು. ಆ ದಿನವೆಲ್ಲ ರಮಣರು ಬಲಗೈಯನ್ನು ತಾಯಿಯ ಎದೆಯ ಮೇಲೂ ಎಡಗೈಯನ್ನು ತಲೆಯ ಮೇಲೂ ಇಟ್ಟು ಕುಳಿತಿದ್ದರು. ಉಸಿರು ನಿಂತ ಮೇಲೆ ಎದ್ದು, ಸೂತಕವಿಲ್ಲ, ಬನ್ನಿ ಊಟ ಮಾಡೋಣ ಎಂದರು. ಪಂಚಸೂತಕಗಳನ್ನು ಒಪ್ಪದ ನಮ್ಮ ಪರಂಪರೆಯವರಿಗೆ ಈ ಮಾತು ಪರಕೀಯವೆನಿಸದು. ತಾಯಿಯನ್ನು ಸುಡದೆ ಸಮಾಧಿ ಮಾಡಿದರು. ಆ ಸಮಾಧಿಯ ಸುತ್ತ ಬೆಳೆದದ್ದೇ ಇಂದಿನ ರಮಣಾಶ್ರಮ.

1924ರ ಜೂನ್ 26ರ ರಾತ್ರಿ ಆಶ್ರಮಕ್ಕೆ ಕಳ್ಳರು ಬಂದರು. ಅಲ್ಲಿ ಕದಿಯುವಂಥದೇನೂ ಇರಲಿಲ್ಲ. ಸಿಟ್ಟಿಗೆದ್ದು ರಮಣರ ಎಡತೊಡೆಗೆ ಬಾರಿಸಿದರು. ಸಾಲದಿದ್ದರೆ ಇನ್ನೊಂದು ಕಾಲಿಗೂ ಹೊಡೆಯಿರಿ ಎಂದರು ರಮಣರು. ತಿರುಗಿ ಹೊಡೆಯಲು ಹೊರಟ ಶಿಷ್ಯನನ್ನು ತಡೆದರು. ಸಾಧುಗಳಾದ ನಾವು ನಮ್ಮ ಧರ್ಮ ಬಿಡಬಾರದೆಂಬುದು ಅವರ ಮಾತಿನ ಅರ್ಥ. ಬೆಳಗಿನ ಜಾವ ಅಡುಗೆಮನೆಯಲ್ಲಿ ಕುಳಿತು ತರಕಾರಿ ಹೆಚ್ಚುತ್ತಿದ್ದರು. ಪಂಕ್ತಿಯಲ್ಲಿ ತಮಗೆ ಒಂದು ಚಮಚ ಹೆಚ್ಚು ಬಡಿಸಿದರೂ ಒಪ್ಪುತ್ತಿರಲಿಲ್ಲ. ಲಕ್ಷ್ಮಿ ಎಂಬ ಹಸು 1948ರ ಜೂನ್ 18ರಂದು ಸತ್ತಾಗ ಅದರ ತಲೆಯ ಮೇಲೂ ಕೈಯಿಟ್ಟು ಕುಳಿತಿದ್ದರು, ತಾಯಿಯ ಮಗ್ಗುಲಲ್ಲಿ ಕುಳಿತ ಹಾಗೆಯೇ. ಹಸುವಿಗೂ ಆಶ್ರಮದಲ್ಲಿ ಸಮಾಧಿಯಿದೆ.

1938ರಲ್ಲಿ ಆಶ್ರಮದ ವ್ಯವಸ್ಥೆಗಾಗಿ ಒಂದು ಉಯಿಲು ಬರೆಯಬೇಕಾಗಿ ಬಂತು. ಕಾಗದ ಪತ್ರ ಸಿದ್ಧವಾಯಿತು. ಸಹಿ ಮಾಡಬೇಕಾದವರಿಗೆ ಸಹಿಯೇ ಇರಲಿಲ್ಲ. ಸಹಿಯ ಜಾಗದಲ್ಲಿ ಒಂದು ಗೀಟು ಎಳೆದರು, ಅಷ್ಟೇ. ನಮ್ಮಲ್ಲಿ ಅಕ್ಷರ ಬಾರದ ಹಿರಿಯರು ಹೆಬ್ಬೆಟ್ಟು ಒತ್ತುತ್ತಾರೆ. ಹೆಬ್ಬೆಟ್ಟಿನಲ್ಲಾದರೂ ಇಂಥವನದೆಂಬ ಗುರುತು ಉಳಿಯುತ್ತದೆ, ಗೀಟಿನಲ್ಲಿ ಅದೂ ಇಲ್ಲ. ಹದಿನಾರರ ಹುಡುಗ ಅಣ್ಣನಿಗೆ ಬರೆದ ಚೀಟಿಯ ಕೊನೆಯಲ್ಲಿ ಎಳೆದದ್ದೂ ಅದೇ ಗೀಟು.

1949ರ ಮೊದಲಿಗೆ ಅವರ ಎಡತೋಳಿನಲ್ಲಿ ಸಣ್ಣ ಗಂಟು ಕಾಣಿಸಿತು.

ಅದು ಕ್ಯಾನ್ಸರ್. ಆ ಒಂದೇ ವರ್ಷದಲ್ಲಿ ನಾಲ್ಕು ಸಲ ಶಸ್ತ್ರಚಿಕಿತ್ಸೆಯಾಯಿತು, ನಾಲ್ಕು ಸಲವೂ ಮತ್ತೆ ಬೆಳೆಯಿತು. ನೋವಿರಲಿಲ್ಲವೇ? ಇತ್ತು. ಜ್ಞಾನಿಯ ದೇಹಕ್ಕೆ ನೋವಾಗುವುದಿಲ್ಲವೆಂದು ಹೇಳಿದರೆ ಅದು ಭಕ್ತಿಯ ಉತ್ಪ್ರೇಕ್ಷೆ. ಆ ನೋವಿಗೆ ‘ನನ್ನದು’ ಎನ್ನುವ ವಾರಸುದಾರ ಇರಲಿಲ್ಲ. ವೈದ್ಯರು ಹೇಳಿದ್ದಕ್ಕೆ ಒಪ್ಪಿದರು, ನಾಟಿ ಔಷಧದವರು ಬಂದರೆ ಅವರಿಗೂ ಒಪ್ಪಿದರು. ಭಕ್ತರು ಅತ್ತು, ನಮ್ಮನ್ನು ಬಿಟ್ಟು ಹೋಗಬೇಡಿರಿ ಎಂದಾಗ, ಹೋಗುವುದಾದರೂ ಎಲ್ಲಿಗೆ, ಇಲ್ಲಿಯೇ ಇರುವೆನಲ್ಲ ಎಂಬ ಅರ್ಥದ ಮಾತು ಹೇಳಿದರು. ಮಧುರೆಯ ಮಹಡಿಯ ಕೋಣೆಯಲ್ಲಿ ಒಮ್ಮೆ ಸತ್ತು ನೋಡಿದವರ ಮಾತದು.

ಕೊನೆಯ ದಿನವೂ ದರ್ಶನಕ್ಕೆ ಬಂದವರನ್ನು ತಡೆಯಲು ಅವರು ಬಿಡಲಿಲ್ಲ. 1950ರ ಏಪ್ರಿಲ್ 14ರ ಸಂಜೆ ತಮ್ಮನ್ನು ಎಬ್ಬಿಸಿ ಕೂರಿಸುವಂತೆ ಹೇಳಿದರು. ಕೋಣೆಯ ಹೊರಗೆ ಭಕ್ತರು ಅವರೇ ರಚಿಸಿದ್ದ ಅರುಣಾಚಲ ಶಿವನ ಸ್ತುತಿಯನ್ನು ಹಾಡತೊಡಗಿದರು. ಕಣ್ಣು ಒಂದಿಷ್ಟು ತೆರೆಯಿತು, ಅಂಚಿನಿಂದ ನೀರು ಇಳಿಯಿತು. ರಾತ್ರಿ 8 ಗಂಟೆ 47 ನಿಮಿಷಕ್ಕೆ ಉಸಿರು ನಿಂತಿತು. ಮರುದಿನ ತಾಯಿಯ ಗುಡಿಗೂ ಹಳೆಯ ಹಜಾರಕ್ಕೂ ನಡುವಿನ ಜಾಗದಲ್ಲಿ ಸಮಾಧಿ ಮಾಡಿದರು. ಆ ಸಮಾಧಿಯ ಮೇಲೆ ಲಿಂಗ ಸ್ಥಾಪನೆಯಾಗಿದೆ.